ಹದಿನಾಲ್ಕನೆಯ ಮಬ್ಬು

ಮೂಡುಬಿದಿರೆ
20 ಡಿಸೆಂಬರ್ 1960

ಚಿ. ಸೌ. ವಾರಿಜಾಕ್ಷಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅಮ್ಮ, ದನ, ಕರು ಎಲ್ಲರೂ ಕ್ಷೇಮ. ನನ್ನ ಕುತ್ತಿಗೆ ಮಾತ್ರ ಕ್ಷೇಮದವರ ಪಟ್ಟಿಗೆ ಸೇರಲು ಒಪ್ಪುತ್ತಿಲ್ಲ. ಹಗಲು ಬಗ್ಗಿ ಮಕ್ಕಳ ಕಾಪಿ ಪುಸ್ತಕ ನೋಡುವುದು, ಸಂಜೆ ತಲೆ ಮೇಲೆ ಮಾಡಿ ಆಕಾಶ ನೋಡುವುದು. ಅದಾದರೂ ಎಷ್ಟು ಸಹಿಸೀತು?

ಒಂದು ಸಂತೋಷದ ಸುದ್ದಿ. ನನ್ನ ಮಬ್ಬುಪಟ್ಟಿ ಪುಸ್ತಕವಾಗುತ್ತದೆ. ಹೈಸ್ಕೂಲುಗಳ ಲೈಬ್ರರಿಗೆಂದು ಅಚ್ಚು ಹಾಕಿಸುವ ಎಂದು ಮಂಗಳೂರಿನ ಪ್ರಕಾಶಕರೊಬ್ಬರು ಬರೆದಿದ್ದಾರೆ. ನಿನಗೆ ನೆನಪುಂಟಲ್ಲ? ಹಿಂದಿನ ಕಾಲದವರು ಆಕಾಶದಲ್ಲಿ ಹೊಗೆಯ ಹಾಗೆ ಕಂಡದ್ದನ್ನೆಲ್ಲ ನೀಹಾರಿಕೆ ಎಂದು ಬರೆದಿಟ್ಟುಬಿಟ್ಟರು. ಅವುಗಳಲ್ಲಿ ಯಾವುದು ನಿಜವಾದ ಹೊಗೆ, ಯಾವುದು ಒತ್ತೊತ್ತಾಗಿ ಕೂತ ಸಣ್ಣ ನಕ್ಷತ್ರಗಳ ಗುಂಪು ಎಂದು ನನ್ನ ಹಿತ್ತಾಳೆಯ ದುರ್ಬೀನಿನಲ್ಲಿ ಒಂದೊಂದನ್ನೇ ನೋಡಿ ಬರೆದದ್ದು ಈ ಪಟ್ಟಿ. ಒಟ್ಟು ಇಪ್ಪತ್ತೆರಡು. ಅವುಗಳಲ್ಲಿ ಹತ್ತೊಂಬತ್ತು ಮಬ್ಬೇ ಎಂದು ನನ್ನ ತೀರ್ಪು.

ಹದಿನಾಲ್ಕನೆಯದಕ್ಕೆ ಬಂದಾಗ ನಗು ಬಂತು. ಸಿಂಹರಾಶಿಯ ಬಾಲದ ಆಚೆ ಒಂದು ಮಸುಕು ಉಂಟಲ್ಲ, ಅದು. ಐದು ವರ್ಷದ ಹಿಂದೆ ನೀನು ಅಂಗಳದಲ್ಲಿ ಬರಿಗಣ್ಣಿನಲ್ಲಿ ನಿಂತು, "ಅಪ್ಪ, ಅದು ಹೊಗೆ ಅಲ್ಲ, ಏಳು ನಕ್ಷತ್ರ" ಎಂದು ಹಟ ಹಿಡಿದಿದ್ದಿ. ನನ್ನ ಪುಸ್ತಕದಲ್ಲಿ ಪೆನ್ಸಿಲಿನಿಂದ ಏಳು ಎಂದು ಬರೆದೂ ಬಿಟ್ಟಿದ್ದಿ. ನಾನು ರಬ್ಬರು ತಂದು ಒರೆಸಿದೆ. ದುರ್ಬೀನಿಗೆ ಕಾಣದ್ದು ಹದಿನೇಳರ ಹುಡುಗಿಗೆ ಕಾಣುವುದು ಹೇಗೆ? ಆಗಲೇ ಒಂದು ಪದ್ಯ ಕಟ್ಟಿದ್ದೆ:

ನನಗೆ ಕಂಡದ್ದು ಒಂದೇ ಮಬ್ಬು, ನಿನಗೆ ಕಂಡದ್ದು ಏಳು;
ದುರ್ಬೀನು ಸುಳ್ಳಾಡುವುದಿಲ್ಲ, ಮಗಳೇ, ನನ್ನ ಮಾತು ಕೇಳು.

ಇನ್ನು ನಿನ್ನ ಕಾಗದದ ವಿಷಯ. ಅಳಿಯ ಧರ್ಣಪ್ಪನಿಗೆ ಕೆಮ್ಮು ಬಿಡುತ್ತಿಲ್ಲ, ಸಂಜೆ ಮೈ ಬಿಸಿಯಾಗುತ್ತದೆ, ನನಗೆ ಹೆದರಿಕೆ ಎಂದು ಬರೆದಿದ್ದಿ. ನಿನ್ನ ಮಾವ ತುಕ್ರಪ್ಪ ಗೌಡರ ಕಾರ್ಡೂ ಬಂದಿದೆ. ಬರೀ ಶೀತ, ಹೊಸ ಅಕ್ಕಿಯ ಊಟ ಹಿಡಿಸಲಿಲ್ಲ, ಅಷ್ಟೇ ಎಂದಿದ್ದಾರೆ. ಅವರು ಹಿರಿಯರು, ಅದೇ ಮನೆಯಲ್ಲಿ ಇರುವವರು. ನಿನಗೆ ಮೊದಲಿನಿಂದಲೂ ಇದ್ದದ್ದಕ್ಕಿಂತ ಹೆಚ್ಚು ಕಾಣುವ ಅಭ್ಯಾಸ. ನಿನ್ನನ್ನು ನೋಡಲು ಅವರು ಬಂದ ದಿನ ನೀನು ಬಾವಿಕಟ್ಟೆಯ ಹತ್ತಿರ ನನ್ನ ಶಾಲು ಎಳೆದು, "ಹುಡುಗನ ಕೈವಸ್ತ್ರದಲ್ಲಿ ರಕ್ತ ಉಂಟು ಅಪ್ಪ" ಎಂದದ್ದು, ನಾನು "ಎಲೆ, ಅಡಿಕೆ, ಸುಣ್ಣ, ಅದಕ್ಕೇ ಆ ಬಣ್ಣ" ಎಂದದ್ದು, ಒಳಗೆ ಕೂತವರಿಗೂ ಕೇಳಿ ಅವರೂ ನಕ್ಕದ್ದು ಮರೆತೆಯಾ? ಮದುವೆಯಾಗಿ ಮೂರು ವರ್ಷ ಸುಖವಾಗಿಯೇ ಹೋಯಿತಲ್ಲ.

ಧೈರ್ಯವಾಗಿರು.

ಪ್ರಾಸ ಬಿಡಲಾರದ ನಿನ್ನ ಅಪ್ಪ,
ರುಕ್ಮಯ್ಯ


ಕೋಡಿಮಾರು ಮನೆ
ಬೆಳ್ತಂಗಡಿ ತಾಲೂಕು
3 ಜನವರಿ 1961

ತೀರ್ಥರೂಪರಾದ ಅಪ್ಪನಿಗೆ ವಾರಿಜಾಕ್ಷಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮಾವ ಮೊದಲು ಓದಿದರು. ಈ ಮನೆಯಲ್ಲಿ ಹಾಗೆಯೇ. ನಾನು ನಿಮಗೆ ಬರೆದದ್ದು ಅವರಿಗೆ ಗೊತ್ತಾಯಿತು. ಆಮೇಲೆ ಎರಡು ದಿನ ನನ್ನ ಹತ್ತಿರ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಅತ್ತೆ, "ಮಾಷ್ಟ್ರ ಮಗಳು ಅಲ್ವಾ, ಬರೆಯುವ ಚಟ" ಎಂದರು. ಇದನ್ನು ಸೊಪ್ಪಿಗೆ ಹೋಗುವ ನೆವದಲ್ಲಿ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ಅಪ್ಪ, ಇವರ ಕೊರಳ ಎಲುಬು ಈಗ ಎದ್ದು ಕಾಣುತ್ತದೆ. ಮದುವೆಯ ಅಂಗಿಯಲ್ಲಿ ಇವರಂಥ ಇಬ್ಬರು ಹಿಡಿಯಬಹುದು. ಮಂಗಳೂರಿನ ಆಸ್ಪತ್ರೆಗೆ ಹೋಗುವ ಎಂದು ನಾನು ಹೇಳಿದರೆ, "ಬೇಡ ಮಾರಾಯ್ತಿ, ಅಪ್ಪಯ್ಯನಿಗೆ ಬೇಸರ ಆಗ್ತದೆ" ಎನ್ನುತ್ತಾರೆ. ಮಾವನಿಗೆ ಬೇಸರವಲ್ಲ, ಹೆದರಿಕೆ. ನಾದಿನಿಗೆ ವಿಟ್ಲದ ಕಡೆಯಿಂದ ಒಂದು ಸಂಬಂಧ ಬಂದಿದೆ. ಅಣ್ಣನಿಗೆ ಕ್ಷಯ ಎಂದು ಒಬ್ಬರ ಬಾಯಿಂದ ಹೊರಟರೆ ಮುಗಿಯಿತು. ಮೇ ತಿಂಗಳ ಮದುವೆ ಆಗಲಿ, ಆಮೇಲೆ ನೋಡುವ ಎನ್ನುತ್ತಾರೆ.

ಅದಕ್ಕೆ ನೀವು ಬರಬೇಕು. ಮಾವನ ಎದುರು ನಿಂತು ಮಾತಾಡಲು ನನಗೆ ಇರುವುದು ನೀವು ಒಬ್ಬರೇ. ಒಂದು ಕಾರು ಮಾಡಿಕೊಂಡು ಬಂದು, ಅಳಿಯನನ್ನು ಎರಡು ದಿನ ನಮ್ಮಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಸಾಕು. ಅಲ್ಲಿಂದ ಮಂಗಳೂರಿಗೆ ಹೋಗಬಹುದು.

ಇನ್ನೊಂದು ಮಾತು. ಮದುವೆಯಾಗಿ ಮೂರು ವರ್ಷವಾಯಿತು. ಇವರು ಎಲೆ ಅಡಿಕೆ ಹಾಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಚಿಕ್ಕಂದಿನಿಂದಲೂ ಹಾಕುವುದಿಲ್ಲವಂತೆ.

ಅಮ್ಮನಿಗೆ ನನ್ನ ನಮಸ್ಕಾರ.

ಇತಿ ನಿಮ್ಮ ಮಗಳು,
ವಾರಿಜಾಕ್ಷಿ


ಮೂಡುಬಿದಿರೆ
14 ಜನವರಿ 1961

ಚಿ. ಸೌ. ವಾರಿಜಾಕ್ಷಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದ ದಿನವೇ ತುಕ್ರಪ್ಪ ಗೌಡರಿಗೆ ಗಂಡಸರು ಗಂಡಸರಿಗೆ ಬರೆಯುವ ಹಾಗೆ ನೇರವಾಗಿ ಬರೆದು ಕೇಳಿದೆ. ಐದನೆಯ ದಿನಕ್ಕೆ ಉತ್ತರ ಬಂತು. ಧರ್ಣಪ್ಪ ನಿನ್ನೆ ತೋಟಕ್ಕೆ ನೀರು ಬಿಟ್ಟ, ಇವತ್ತು ಎರಡು ಸೇರು ಹಾಲು ಕುಡಿದ ಎಂದು ಬರೆದಿದ್ದಾರೆ. ಎರಡು ಸೇರು ಸ್ವಲ್ಪ ಹೆಚ್ಚಾಯಿತು ಎಂದು ನನಗೂ ಅನಿಸಿತು. ಆದರೆ ಅರ್ಧ ಕಳೆದರೂ ಒಂದು ಸೇರು ಉಳಿಯುತ್ತದಲ್ಲ. ಎಲೆ ಅಡಿಕೆಯ ವಿಷಯ ಬರೆದಿದ್ದಿ. ಹೆಣ್ಣು ನೋಡಲು ಹೋದವನು ಯಾರೋ ಕೊಟ್ಟರೆಂದು ಒಂದು ದಿನ ಹಾಕಿರಬಹುದು.

ಬರಬಾರದೆಂದಲ್ಲ. ಮಕ್ಕಳ ಪರೀಕ್ಷೆ ತಲೆಯ ಮೇಲೆ ಉಂಟು. ಬೀಗರ ಮನೆಗೆ ಕಾರು ತೆಗೆದುಕೊಂಡು ಹೋಗಿ, ನಿಮ್ಮ ಮಾತು ಸುಳ್ಳು, ನನ್ನ ಮಗಳ ಮಾತು ನಿಜ ಎನ್ನಲು ಕೈಯಲ್ಲಿ ಏನಾದರೂ ಬೇಕಲ್ಲ? ಏಪ್ರಿಲ್ ಕಳೆಯಲಿ, ಬಸ್ಸಿನಲ್ಲಿಯೇ ಬರುತ್ತೇನೆ, ಎರಡು ದಿನ ಇರುತ್ತೇನೆ.

ಹೆಂಡತಿಯ ಕಿವಿಗೆ ಗಂಡನ ಸೀನು ಸಿಡಿಲು;
ಹೆದರಿಕೆಯೇ ದೊಡ್ಡದು, ಕಾಯಿಲೆಗಿಂತ ಮೊದಲು.

ಅಮ್ಮ ಕಷಾಯದ ಪುಡಿ ಕೊಟ್ಟಿದ್ದಾಳೆ, ಕಟ್ಟಿ ಕಳಿಸಿದ್ದೇನೆ. ಅವಳು "ಒಮ್ಮೆ ಹೋಗಿ ಬನ್ನಿ" ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ.

ಅಪ್ಪ,
ರುಕ್ಮಯ್ಯ


ಕೋಡಿಮಾರು
26 ಫೆಬ್ರವರಿ 1961

ಅಪ್ಪನಿಗೆ ನಮಸ್ಕಾರ.

ಕಷಾಯದ ಪುಡಿ ಮುಗಿಯಿತು. ಇನ್ನು ಬೇಡ ಎಂದು ಅಮ್ಮನಿಗೆ ಹೇಳಿ.

ಇವರ ಕೈವಸ್ತ್ರಗಳನ್ನು ಹೊಳೆಗೆ ಒಯ್ಯುವುದು ಬಿಟ್ಟೆ. ನೀರೊಲೆಗೆ ಹಾಕಿ ಸುಡುತ್ತೇನೆ. ಎಷ್ಟು ಸುಟ್ಟೆ ಎಂಬ ಲೆಕ್ಕ ನನ್ನಲ್ಲಿ ಉಂಟು. ಬರೆಯುವುದಿಲ್ಲ. ನೀವು ಒರೆಸಿಬಿಡುತ್ತೀರಿ.

ವಾರಿಜಾಕ್ಷಿ


ಮೂಡುಬಿದಿರೆ
17 ಮಾರ್ಚ್ 1961

ಚಿ. ಸೌ. ವಾರಿಜಾ,

ನಿನ್ನ ಕಾಗದ ಬಂದು ಎರಡು ವಾರ ಕಳೆಯಿತು. ಓದಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ಸಿಟ್ಟಿನಲ್ಲಿ ಬರೆದಿದ್ದಾಳೆ ಎಂದುಕೊಂಡೆ. ಈಗ ಬರೆಯುವುದನ್ನು ಪ್ರಾಸ, ತಮಾಷೆ ಅಡ್ಡ ತಾರದೆ ಬರೆಯಬೇಕು. ಅಭ್ಯಾಸವಿಲ್ಲ, ತಡವರಿಸಿದರೆ ಸಹಿಸು.

ಮೊನ್ನೆ ದುರ್ಬೀನಿನ ತಿರುಪು ಕಚ್ಚಿಕೊಂಡು ಅಲುಗಾಡಲಿಲ್ಲ. ಪ್ರಕಾಶಕರು ಪಟ್ಟಿ ಬೇಗ ಕಳಿಸಿ ಎಂದು ಅವಸರ ಮಾಡುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಿ ವಾಚು, ಕನ್ನಡಕ ರಿಪೇರಿ ಮಾಡುವ ಮೊಯಿದಿನಬ್ಬ ಎಂಬವರು ಇದ್ದಾರೆ. ಅವರಲ್ಲಿಗೆ ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೋದೆ. ಅವರು ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಮುಂದಿನ ಗಾಜನ್ನು ಕಳಚಿ ಬೆಳಕಿಗೆ ಹಿಡಿದರು.

"ಮಾಷ್ಟ್ರೇ, ಇದನ್ನು ಎಲ್ಲಿ ಇಡುವುದು ನೀವು?"

"ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ. ಥಂಡಿ ಹಿಡಿದು ಬೂಸರು ಬರಬಾರದಲ್ಲ" ಎಂದೆ. ನಿನಗೆ ಗೊತ್ತುಂಟಲ್ಲ, ಕೊಪ್ಪರ, ಹುಳಿ, ಬೀಜದ ಸೌತೆಕಾಯಿ ಎಲ್ಲ ಅಲ್ಲಿಯೇ ಕೆಡದೆ ಉಳಿಯುವುದು. ದುರ್ಬೀನೂ ಹಾಗೆಯೇ ಉಳಿದೀತು ಎಂಬ ಬುದ್ಧಿ ನನ್ನದೇ.

"ಎಷ್ಟು ಮಳೆಗಾಲ?"

"ಹನ್ನೊಂದು."

ಅವರು ಗಾಜಿನ ಒಳಮೈಯನ್ನು ಬೆರಳಿನಿಂದ ಒಮ್ಮೆ ಒರೆಸಿ ನನಗೆ ತೋರಿಸಿದರು. ಬೆರಳು ಕಂದು ಬಣ್ಣವಾಗಿತ್ತು. "ಹೊಗೆ ಒಳಗೆ ಕೂತುಬಿಟ್ಟಿದೆ ಮಾರಾಯ್ರೇ. ಹೊರಗೆ ಒರೆಸಿ ಒರೆಸಿ ಫಳಫಳ ಮಾಡಿದ್ದೀರಿ, ಒಳಗೆ ಯಾರು ಒರೆಸುವುದು? ಇಷ್ಟು ವರ್ಷ ನೀವು ನೋಡಿದ್ದು ನಕ್ಷತ್ರ ಅಲ್ಲ, ನಿಮ್ಮ ಮನೆಯ ಅಡಿಗೆ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೂ ಆ ನಗು ಮುಖದ ಮೇಲೆ ಇತ್ತು.

ನಿನ್ನೆ ಅಮಾವಾಸ್ಯೆ. ಊಟ ಮುಗಿಸಿ, ಮೊಯಿದಿನಬ್ಬ ಒಳಗೂ ಒರೆಸಿಕೊಟ್ಟ ದುರ್ಬೀನು ಹಿಡಿದು ಅಂಗಳಕ್ಕೆ ಇಳಿದೆ. ಮೊದಲು ಮೃಗಶಿರದ ತಲೆ. ಅದನ್ನೂ ಪುರಾತನರು ಮಬ್ಬು ಎಂದಿದ್ದರು, ನಾನೂ ಎಂದಿದ್ದೆ. ಮೂರು ನಕ್ಷತ್ರ, ಸೂಜಿಯ ಮೊನೆಯ ಹಾಗೆ. ಪುಷ್ಯದ ಮಬ್ಬು ಹಿಡಿ ಅಕ್ಕಿ ಚೆಲ್ಲಿದ ಹಾಗೆ ಒಡೆದುಹೋಯಿತು. ಆಮೇಲೆ ಹದಿನಾಲ್ಕನೆಯದು. ಅದು ಎಷ್ಟು ಅಗಲ ಹರಡಿದೆಯೆಂದರೆ ದುರ್ಬೀನಿನ ಒಂದು ನೋಟದಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಬರಿಗಣ್ಣೇ ಸರಿ. ಗಾಜಿನಲ್ಲಿ ಒಂದೊಂದನ್ನೇ ಗುರುತಿಸಿಕೊಂಡು, ಆಮೇಲೆ ದುರ್ಬೀನು ಬದಿಗಿಟ್ಟು, ನೀನು ನಿಲ್ಲುತ್ತಿದ್ದ ತುಳಸಿಕಟ್ಟೆಯ ಪಕ್ಕ ನಿಂತು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದೆ.

ಏಳು.

ಪುಸ್ತಕ ತಂದು ದೀಪದಲ್ಲಿ ನೋಡಿದೆ. ರಬ್ಬರು ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿದೆ, ಆದರೆ ನಿನ್ನ ಪೆನ್ಸಿಲು ಒತ್ತಿದ ಗುರುತು ಹೋಗಿಲ್ಲ.

ಅಲ್ಲಿಯೇ ಕೂತುಬಿಟ್ಟೆ. ಅಳಿಯ ನಮ್ಮ ಮನೆಗೆ ಎಷ್ಟು ಸಲ ಬಂದಿದ್ದಾನೆ, ನಿನ್ನ ಅಮ್ಮ ಎಷ್ಟು ಸಲ ಎಲೆ ಅಡಿಕೆಯ ಹರಿವಾಣ ಮುಂದಿಟ್ಟಿದ್ದಾಳೆ. ಒಂದು ಸಲವೂ ಅವನು ಎಲೆ ಮುಟ್ಟಿದ್ದಿಲ್ಲ. ಇದನ್ನು ನಾನು ನೋಡಿದ್ದೆ, ವಾರಿಜಾ. ನೋಡಿದ್ದೆ.

ನಾಳೆ ಬೆಳಿಗ್ಗೆ ಬಾಡಿಗೆ ಕಾರಿನ ಸುಲೈಮಾನನನ್ನು ಕರೆದುಕೊಂಡು ಹೊರಡುತ್ತೇನೆ. ಅವನ ಕಾರು ವೇಣೂರಿನ ಏರಿನಲ್ಲಿ ನಿಲ್ಲದಿದ್ದರೆ ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟುತ್ತೇನೆ. ಕಾಗದವೇ ಮೊದಲು ಮುಟ್ಟಿದರೆ, ತುಕ್ರಪ್ಪ ಗೌಡರೇ, ಇದನ್ನು ಒಡೆಯುವವರು ನೀವೇ ಅಲ್ಲವೇ, ನಿಮಗೂ ನಮಸ್ಕಾರ. ನಿಮ್ಮ ಮಗನಿಗೆ ಅಂಗಿ ಹಾಕಿ ಕೂರಿಸಿ.

ಅಪ್ಪ


ಕೋಡಿಮಾರು
9 ಜೂನ್ 1961

ಅಪ್ಪನಿಗೆ,

ಇವರ ಉತ್ತರಕ್ರಿಯೆ ಮುಗಿಯಿತು. ನೀವು ಗದ್ದೆಯ ಬದಿಯ ರಸ್ತೆಯಲ್ಲಿ ಕೊಡೆ ಹಿಡಿದು ನಿಂತದ್ದನ್ನು ಕಂಡೆ. ಊಟಕ್ಕೆ ಕರೆಯಲಿಲ್ಲ. ಕರೆಯುವ ಹಕ್ಕು ನನಗಿಲ್ಲ. ಮಾವನ ಸಿಟ್ಟು ಇಳಿದಿಲ್ಲ. ನೀವು ಹಾಡಹಗಲು ಕಾರು ತಂದು ಇವರನ್ನು ಎತ್ತಿಕೊಂಡು ಹೋದದ್ದರಿಂದ ಊರಿಗೆಲ್ಲ ಗೊತ್ತಾಯಿತು, ವಿಟ್ಲದ ಸಂಬಂಧ ತಪ್ಪಿತು ಎನ್ನುತ್ತಾರೆ. ಅದು ಸುಳ್ಳೇನೂ ಅಲ್ಲ. ನೀವು ಈ ಅಂಗಳ ಮೆಟ್ಟಬಾರದು ಎಂದು ಎಲ್ಲರ ಎದುರು ಹೇಳಿದ್ದಾರೆ. ಮೆಟ್ಟಬೇಡಿ.

ಆಸ್ಪತ್ರೆಯ ಎರಡು ತಿಂಗಳು ನೀವು ಮಾಡಿದ್ದನ್ನು ನಾನು ಮರೆತಿಲ್ಲ. ಸೂಜಿಮದ್ದು ತಂದಿರಿ, ರಜೆ ಹಾಕಿ ಬೆಂಚಿನ ಮೇಲೆ ಮಲಗಿದಿರಿ, ಇವರಿಗೆ ಪದ್ಯ ಹೇಳಿ ನಗಿಸಿದಿರಿ. ಇವರು ಕೊನೆಯವರೆಗೂ, "ನಿನ್ನ ಅಪ್ಪ ಒಳ್ಳೆ ತಮಾಷೆಯ ಜನ ಮಾರಾಯ್ತಿ" ಎನ್ನುತ್ತಿದ್ದರು.

ಮೊದಲ ದಿನ ಡಾಕ್ಟರು ಕೇಳಿದ್ದು ನಿಮಗೆ ನೆನಪಿರಬೇಕು. "ಡಿಸೆಂಬರಿನಲ್ಲಿ ತಂದಿದ್ದರೂ ಏನಾದರೂ ಮಾಡಬಹುದಿತ್ತು. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲವಾ?" ಎಂದರು. ಆಗ ನಾನು ಕಿಟಕಿಯ ಕಡೆ ನೋಡಿದೆ. ನಿಮ್ಮ ಕಡೆ ನೋಡಲಿಲ್ಲ. ನನ್ನಿಂದ ಆದದ್ದು ಅಷ್ಟು.

ವಾರಿಜಾಕ್ಷಿ


ಮೂಡುಬಿದಿರೆ
30 ಜುಲೈ 1961

ಚಿ. ವಾರಿಜಾಕ್ಷಿಗೆ,

ಮೊದಲ ಸಾಲನ್ನೇ ಮೂರು ಸಲ ಬರೆದು ಹರಿದೆ. ಕೈಗೆ ಹಳೆಯ ಅಭ್ಯಾಸ, 'ಚಿ.' ಆದ ಮೇಲೆ ನಿಲ್ಲುವುದಿಲ್ಲ.

ಮಳೆ ಬಿಟ್ಟಿಲ್ಲ. ದುರ್ಬೀನು ಈ ವರ್ಷ ಅಟ್ಟದಲ್ಲಿ ಇಲ್ಲ, ನನ್ನ ಪುಸ್ತಕದ ಪೆಟ್ಟಿಗೆಯಲ್ಲಿ ಉಂಟು. ಬೂಸರು ಬಂದರೆ ಬರಲಿ. ಬೂಸರು ಕಣ್ಣಿಗಾದರೂ ಕಾಣುತ್ತದೆ.

ಮೋಡ ಒಡೆದ ರಾತ್ರಿಗಳಲ್ಲಿ ಎದ್ದು ನೋಡಿ ಪಟ್ಟಿಯನ್ನು ಪೂರಾ ತಿದ್ದಿದೆ. ಮಬ್ಬು ಎಂದು ನಾನು ಬರೆದ ಹತ್ತೊಂಬತ್ತರಲ್ಲಿ ಹನ್ನೊಂದು ಬರೀ ನಕ್ಷತ್ರಗಳ ಗುಂಪು. ಒಂದೊಂದರ ಎದುರು ಗುರುತಿಸಿದವರ ಹೆಸರು ಬರೆಯಲು ಒಂದು ಸಾಲು ಗೀಟು ಹಾಕಿದ್ದೇನೆ. ಹದಿನಾಲ್ಕರ ಎದುರು ನಿನ್ನ ಹೆಸರು, 1955ನೆಯ ಇಸವಿ. ಮುನ್ನುಡಿಯಲ್ಲಿ ಅಟ್ಟದ ಕಥೆ, ರಬ್ಬರಿನ ಕಥೆ ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದೇನೆ.

ಮನೆಗೆ ಬಾ. ಅಮ್ಮ ನಿನ್ನ ಚಾಪೆ ಬಿಸಿಲು ಕಂಡಾಗಲೆಲ್ಲ ಒಣಗಿಸುತ್ತಾಳೆ. ಟ್ರೈನಿಂಗಿಗೆ ಸೇರಬಹುದು, ಟೀಚರಾಗಬಹುದು. ನಾನು ಪದ್ಯ ಕಟ್ಟುವುದನ್ನು ಬಿಟ್ಟಿದ್ದೇನೆ. ತಾನಾಗಿ ಬಂದರೂ ನುಂಗುತ್ತೇನೆ.

ಅಪ್ಪ


ಕೋಡಿಮಾರು
11 ಸೆಪ್ಟೆಂಬರ್ 1961

ಅಪ್ಪನಿಗೆ,

ಹೆಸರು ತೆಗೆಯಿರಿ. ನಾನು ಏಳು ಎಂದದ್ದು ನಿಜ. ಅದು ಪುಸ್ತಕದಲ್ಲಿ ಬಂದರೆ ನನಗೆ ಹೆಸರು ಸಿಗುತ್ತದೆ, ನಿಮಗೆ ನಿದ್ದೆ ಸಿಗುತ್ತದೆ. ನನಗೆ ಹೆಸರು ಬೇಡ.

ಅಲ್ಲಿಗೆ ಬರುವುದಿಲ್ಲ. ಬಂದರೆ ನೀವು ದಿನಾ ನನ್ನ ಮುಖ ನೋಡಬೇಕು, ನಾನು ನಿಮ್ಮದು. ಇಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ, ಅದೇ ಸುಲಭ. ಅತ್ತೆ ಮಗನ ಅಂಗಿಯನ್ನು ಮಡಚುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ. ನಾನು ಹತ್ತಿರ ಕೂತುಕೊಳ್ಳುತ್ತೇನೆ.

ಪದ್ಯ ಬಿಡಬೇಡಿ. ಇವರಿಗೆ ಇಷ್ಟವಿತ್ತು. ನನಗೆ ಬರೆಯುವ ಕಾಗದದಲ್ಲಿ ಮಾತ್ರ ಬೇಡ.

ವಾರಿಜಾಕ್ಷಿ


ಕೋಡಿಮಾರು
24 ನವೆಂಬರ್ 1961

ಅಪ್ಪನಿಗೆ ನಮಸ್ಕಾರ.

ಸಂಜೆ ಹೊತ್ತು ನನಗೆ ಸಣ್ಣಗೆ ಜ್ವರ ಬರುತ್ತದೆ. ಶುರುವಾಗಿ ಹದಿನೈದು ದಿನ. ಕೆಮ್ಮೂ ಉಂಟು. ಕೈವಸ್ತ್ರದಲ್ಲಿ ಈವರೆಗೆ ಏನೂ ಇಲ್ಲ, ದಿನಾ ಬೆಳಕಿಗೆ ಹಿಡಿದು ನೋಡುತ್ತೇನೆ. ಇಲ್ಲಿ ಹೇಳಿದೆ. ಕೊಯ್ಲಿನ ಧೂಳು ಎಂದರು ಮಾವ. ಧೂಳೇ ಇರಬಹುದು.

ನಿಮಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನಾನು ನೋಡಿದ್ದನ್ನು ಬರೆದಿದ್ದೇನೆ. ಮುಂದಿನದು ನಿಮಗೆ ಬಿಟ್ಟದ್ದು.

ವಾರಿಜಾಕ್ಷಿ


ಕೋಡಿಮಾರು ಗದ್ದೆಯ ಬದಿ, ರಸ್ತೆ
27 ನವೆಂಬರ್ 1961, ಹಗಲು ಒಂದು ಗಂಟೆ

ವಾರಿಜಾ,

ಈ ಚೀಟಿ ತರುವವನು ಸುಲೈಮಾನ್, ನಿನಗೆ ಗುರುತುಂಟು. ಅಂಗಳ ಮೆಟ್ಟಬೇಡಿ ಎಂದಿದ್ದಿ, ಮೆಟ್ಟಿಲ್ಲ. ಕೆಳಗೆ ಕಾರಿನಲ್ಲಿ ಕೂತಿದ್ದೇನೆ. ಅಮ್ಮನೂ ಇದ್ದಾಳೆ.

ನಿನ್ನ ಕಾಗದ ಇವತ್ತು ಎರಡನೆಯ ಪೀರಿಯಡ್ಡಿನಲ್ಲಿ ಕೈಗೆ ಬಂತು. ಹೆಡ್ಮಾಸ್ಟರಿಗೆ ಹೇಳದೆ ಹೊರಟೆ. ಸೀಮೆಸುಣ್ಣ ಇನ್ನೂ ಜೇಬಿನಲ್ಲಿ ಉಂಟು. ತುಕ್ರಪ್ಪ ಗೌಡರಿಗೆ ನಾನು ಕಾರ್ಡು ಬರೆದು ಕೇಳಿಲ್ಲ, ಕೇಳುವುದೂ ಇಲ್ಲ. ಮಂಗಳೂರಿನ ಅದೇ ಡಾಕ್ಟರು ಐದು ಗಂಟೆಯವರೆಗೆ ಇರುತ್ತಾರೆ.

ಬಟ್ಟೆ ಕಟ್ಟುತ್ತಾ ಕೂರಬೇಡ. ಅತ್ತೆಗೆ ಹೇಳಿ, ಉಟ್ಟ ಸೀರೆಯಲ್ಲೇ ಇಳಿದು ಬಾ.

ಹದಿನೈದು ದಿನ ಎಂದು ಬರೆದಿದ್ದಿ. ಹದಿನೈದೇ. ನಾನು ಎಣಿಸಿ ನೋಡುವುದಿಲ್ಲ.

ಅಪ್ಪ